ಗಿಡ್ಡ ಕೊಳವೆ, ಉದ್ದ ಕೊಳವೆ

ಮುಲ್ತಿಯಾ
೭ ಮಾರ್ಚ್ ೧೯೯೩

ಎನ್ಸಿಯೊ,

ನಿನ್ನ ವಿಳಾಸ ಕೊಟ್ಟವಳು ನಿನ್ನ ತಂಗಿ. ಅಂಗಡಿಯ ಎದುರು ಹಿಮ ತಳ್ಳುತ್ತಾ ನಿಂತಿದ್ದಳು. "ಇಷ್ಟು ವರ್ಷ ಇಲ್ಲದ್ದು ಈಗ್ಯಾಕೆ ಅವನ ನೆನಪು?" ಎಂದಳು. "ಎಂಜಿನ್ ವಿಷ್ಯ ಕಣೇ" ಎಂದೆ. "ಅಷ್ಟೇನಾ?" ಎಂದಳು. ಸಲಿಕೆಯನ್ನು ಹಿಮಕ್ಕೆ ಚುಚ್ಚಿ, ಚೀಟಿಯ ಹಿಂದೆ ಗೀಚಿ ಕೊಟ್ಟಳು. ನೀನು ರೌಮಾದಲ್ಲಿ ಹಡಗಿಗೆ ಕೊಳವೆ ಬೆಸೆಯುವ ಕೆಲಸದಲ್ಲಿದ್ದೀಯೆಂದು ಚೀಟಿ ನೋಡಿಯೇ ಗೊತ್ತಾಯಿತು.

ವಿಷಯಕ್ಕೆ ಬರುತ್ತೇನೆ. ನಿನ್ನ ಕೈಯಲ್ಲಿ ಕಟ್ಟಿದ ಎಂಜಿನ್ ಈಗಲೂ ನನ್ನ ಗಾಲ್ಫ್ ಕಾರಿನಲ್ಲೇ ಓಡುತ್ತಿದೆ. ಕಾರಿನ ಮೈಯೆಲ್ಲ ಬದಲಾಗಿದೆ, ಎಂಜಿನ್ ಬದಲಾಗಿಲ್ಲ. ಕಳೆದ ಆಗಸ್ಟ್‌ನಲ್ಲಿ ನಮ್ಮ ಬೇಸಿಗೆ ರ್ಯಾಲಿಯಲ್ಲಿ ಕೌಕೊ ನನ್ನನ್ನು ಒಂಬತ್ತು ಸೆಕೆಂಡಿನಲ್ಲಿ ಸೋಲಿಸಿದ. ನಾನು ಎರಡನೇ ಸ್ಥಾನಕ್ಕೆ ನಿಂತದ್ದು ಅದು ನಾಲ್ಕನೆಯ ಸಲ. ಬಹುಮಾನ ಕೊಡುವಾಗ ಮೈಕಿನವನು, "ನಮ್ಮ ಖಾಯಂ ಎರಡನೆಯವಳು, ತೈಮಿ!" ಎಂದು ಕೂಗಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಹೋಗಿ ಒಂದು ತಟ್ಟೆ ಒಡೆದೆ.

ಈ ವರ್ಷ ಬಿಟ್ಟರೆ ಇನ್ನಿಲ್ಲ. ಮುಂದಿನ ವರ್ಷ ಕೊನೆಯ ಹಂತದ ರಸ್ತೆಗೆ ಡಾಂಬರು ಬೀಳುತ್ತದೆ. ಮಣ್ಣಿಲ್ಲದ ಮೇಲೆ ಅದು ನಮ್ಮ ರ್ಯಾಲಿಯೇ ಅಲ್ಲ.

ಯೊರ್ಮನ ಗ್ಯಾರೇಜಿಗೆ ಒಂದು ಹೊಸ ಇನ್‌ಟೇಕ್ ಮ್ಯಾನಿಫೋಲ್ಡ್ ಬಂದಿದೆ. ದೊಡ್ಡ ಡಬ್ಬ, ಗಿಡ್ಡ ಕೊಳವೆಗಳು. ಕೌಕೊನ ಕಾರಿನಲ್ಲಿರುವುದೂ ಅಂಥದ್ದೇ. ಈಗ ನನ್ನ ಪಕ್ಕದ ಸೀಟಿನಲ್ಲಿ ಕೂತು, ತಿರುವು ಯಾವ ಕಡೆ, ಎಷ್ಟು ಬಿಗಿ ಎಂಬ ಟಿಪ್ಪಣಿ ಓದುವವಳು ಕೈಸು ಎಂಬ ಹುಡುಗಿ. ಊರಿಗೆಲ್ಲ ಅಂಚೆ ಹಂಚುತ್ತಾಳೆ. ಆ ಮ್ಯಾನಿಫೋಲ್ಡನ್ನು ತಲೆಕೆಳಗಾಗಿ ಹಿಡಿದು, "ಇದೇನಕ್ಕಾ, ಹಸುವಿನ ಕೆಚ್ಚಲಿನ ಹಾಗಿದೆ?" ಎಂದಳು. ನಾನು ಹಾಲಿನ ಲಾರಿ ಓಡಿಸುವವಳಲ್ಲವೇ, ನನಗೂ ಹಾಗೇ ಕಂಡಿತು. "ಕೆಚ್ಚಲೇ ಕಣೇ. ಆದ್ರೆ ಇದ್ರಿಂದ ಹಾಲು ಹೊರಗೆ ಬರಲ್ಲ, ಗಾಳಿ ಒಳಗೆ ಹೋಗುತ್ತೆ. ನಾಲ್ಕು ಮೊಲೆ, ನಾಲ್ಕು ಸಿಲಿಂಡರು" ಎಂದೆ.

ಹದಿನೇಳು ಕುದುರೆ ಶಕ್ತಿ ಹೆಚ್ಚು ಬರುತ್ತದೆಂದು ಯೊರ್ಮ ಎದೆ ತಟ್ಟಿ ಹೇಳುತ್ತಾನೆ. ಕಾರಿನ ಬಾಗಿಲ ಮೇಲೆ ಅವನ ಗ್ಯಾರೇಜಿನ ಹೆಸರು ಬರೆಸಿಕೊಂಡರೆ ಸಾಕಂತೆ. ಹಾಕಿಸಲೋ ಬೇಡವೋ?

ಕೇಳಲು ಬೇರೆ ಯಾರೂ ಇಲ್ಲವೆಂದಲ್ಲ. ಎಂಜಿನ್ ನಿನ್ನದು, ಅದಕ್ಕೆ ಕೇಳಿದೆ.

ತೈಮಿ


ರೌಮಾ
೨೧ ಮಾರ್ಚ್ ೧೯೯೩

ತೈಮಿ,

ಕಾಗದ ತಲುಪಿತು. ಎರಡು ವಾರ ಮೇಜಿನ ಮೇಲಿತ್ತು.

ಹದಿನೇಳು ಕುದುರೆ ನಿಮಿಷಕ್ಕೆ ಎಷ್ಟು ಸುತ್ತಿನಲ್ಲಿ? ಅದನ್ನು ನೀನು ಬರೆದಿಲ್ಲ. ಯೊರ್ಮ ಹೇಳಿಯೂ ಇರುವುದಿಲ್ಲ. ಏಳು ಸಾವಿರದ ಮೇಲೆ ಎಂದು ನನ್ನ ಊಹೆ. ಅವನ ಗ್ಯಾರೇಜಿನಲ್ಲಿ ಶಕ್ತಿ ಅಳೆಯುವ ಉರುಳೆಯ ಮೇಲೆ ಕಾರು ನಿಂತಲ್ಲೇ ಓಡುತ್ತದೆ. ಅದರಲ್ಲಿ ತಿರುವಿಲ್ಲ, ಜಲ್ಲಿಯಿಲ್ಲ, ಹೆದರಿಕೆಯೂ ಇಲ್ಲ.

ಹೀಗೆ ಮಾಡು. ರಸ್ತೆ ಒಣಗಲಿ. ನಾಲ್ಕು ಕಿಲೋಮೀಟರಿನ ಒಂದು ಕಾಡುದಾರಿ ಹಿಡಿ. ಹಳೆಯ ಮ್ಯಾನಿಫೋಲ್ಡ್‌ನಲ್ಲಿ ಮೂರು ಸಲ ಓಡಿಸು, ಹೊಸದರಲ್ಲಿ ಮೂರು ಸಲ. ಅದೇ ದಿನ, ಅದೇ ಟೈರು. ಪ್ರತಿ ತಿರುವಿನಿಂದ ಹೊರಬೀಳುವಾಗ ಮುಳ್ಳು ಎಷ್ಟು ಸುತ್ತು ತೋರಿಸುತ್ತದೆ ಎಂದು ಆ ಹುಡುಗಿ ಬರೆದುಕೊಳ್ಳಲಿ. ಬರೆಯುವ ಕೆಲಸ ಅವಳದು. ನೀನು ರಸ್ತೆ ನೋಡು.

ಎಂಜಿನ್ ನನ್ನದಲ್ಲ. ಕಾರಿನವರದ್ದು.

ಎನ್ಸಿಯೊ


ಮುಲ್ತಿಯಾ
೯ ಮೇ ೧೯೯೩

ಎನ್ಸಿಯೊ,

ನಿನ್ನ ಅಪ್ಪಣೆಯಂತೆ ಎಲ್ಲ ಮಾಡಿದೆ. ಗಲ್ಲುಮರಕ್ಕೆ ಕರೆದೊಯ್ಯುವವರ ಹಾಗೆ ನೀನು ಬರೆದಿದ್ದೆ, ಆದರೂ ಮಾಡಿದೆ.

ಹೊಳೆಯಾಚೆಯ ಮರ ಸಾಗಿಸುವ ದಾರಿ ಹಿಡಿದೆವು. ಆ ಕಾಡಿನ ಯಜಮಾನ ತನ್ನ ಟ್ರ್ಯಾಕ್ಟರನ್ನು ಅಡ್ಡ ನಿಲ್ಲಿಸಿ ಬೇರೆಯವರು ಬಾರದಂತೆ ನೋಡಿಕೊಂಡ. ಕೈಸು ತೊಡೆಯ ಮೇಲೆ ಹಲಗೆಯಿಟ್ಟು ಬರೆದಳು. ಮೊದಲ ಓಟದಲ್ಲೇ ಅವಳ ಪೆನ್ಸಿಲ್ ಮುರಿಯಿತು. "ಅಕ್ಕಾ, ಕಾಗದ ಎಲ್ಲಿ, ಮೊಣಕಾಲು ಎಲ್ಲಿ ಅಂತಾನೇ ಗೊತ್ತಾಗ್ತಿಲ್ಲ! ಅರ್ಧ ಸಂಖ್ಯೆ ಪ್ಯಾಂಟಿನ ಮೇಲಿದೆ!" ಎಂದು ಕಿರುಚಿದಳು. ಪ್ಯಾಂಟಿನಿಂದಲೇ ನಕಲು ಮಾಡಿ ಕಳಿಸುತ್ತಿದ್ದೇನೆ.

ಹಳೆಯದರಲ್ಲಿ ಅತಿ ಕಡಿಮೆ ಹೊತ್ತು: ಎರಡು ನಿಮಿಷ ಮೂವತ್ತೊಂದು ಸೆಕೆಂಡು. ಹೊಸದರಲ್ಲಿ: ಎರಡು ನಿಮಿಷ ಮೂವತ್ತೆರಡೂವರೆ.

ಎನ್ಸಿಯೊ, ನಾನು ನಂಬಲಿಲ್ಲ. ಏಕೆಂದರೆ ಹೊಸದು ಓಡಿಸುವಾಗ ನಾನು ಹಾರುತ್ತಿದ್ದೇನೆ ಅನ್ನಿಸಿತ್ತು. ನೇರ ದಾರಿಯ ಕೊನೆಯಲ್ಲಿ ವೇಗ ನೂರ ಅರವತ್ತೆಂಟು. ಹಳೆಯದರಲ್ಲಿ ನೂರ ಅರವತ್ತೊಂದು ದಾಟಿರಲಿಲ್ಲ. ಆ ಸದ್ದು! ಕೂದಲು ನಿಮಿರುವ ಹಾಗಿತ್ತು. ಆದರೆ ಸುತ್ತಿ ಬರುವ ತಿರುವುಗಳಲ್ಲಿ ಮುಳ್ಳು ನಾಲ್ಕು ಸಾವಿರಕ್ಕಿಂತ ಕೆಳಗೆ ಬಿದ್ದರೆ ಎಂಜಿನ್ ಎದ್ದೇಳಲು ಒಪ್ಪುವುದಿಲ್ಲ. ಭಾನುವಾರ ಬೆಳಿಗ್ಗೆ ಎಬ್ಬಿಸಿದವರ ಹಾಗೆ ಗೊಣಗುತ್ತದೆ. ಒಂದು, ಎರಡು ಎಣಿಸಬೇಕು, ಆಮೇಲೆ ಒದೆಯುತ್ತದೆ.

ಯೊರ್ಮ ಒಪ್ಪಲೇ ಇಲ್ಲ. "ನಿನ್ನ ಕಾಲು ಸರಿ ಇಲ್ಲ ತೈಮಿ, ಮ್ಯಾನಿಫೋಲ್ಡು ಸರಿ ಇದೆ. ಕೌಕೊ ಓಡಿಸ್ತಾನಲ್ಲ?" ಎಂದ. ಕೌಕೊಗೆ ತಿರುವಿನಲ್ಲೂ ಸುತ್ತು ಇಳಿಯದಂತೆ ಹಿಡಿಯುವ ಕಲೆ ಗೊತ್ತು, ಅದು ನಿಜ. ಮೂವತ್ತು ವರ್ಷದವನ ಧೈರ್ಯವೂ ಇದೆ.

ಆದರೆ ಕೊನೆಯ ಹಂತದ ಮೊದಲ ಮೂರು ಕಿಲೋಮೀಟರ್ ನೇರ ದಾರಿ. ಹಳೆಯದರಲ್ಲಿ ಹೋದರೆ ಅಲ್ಲೇ ಅವನು ನನ್ನನ್ನು ಮುಗಿಸುತ್ತಾನೆ. ಹೊಸದರಲ್ಲಿ ಹೋದರೆ ಉಳಿದ ಹತ್ತು ಕಿಲೋಮೀಟರಿನಲ್ಲಿ ನನ್ನನ್ನು ನಾನೇ ಮುಗಿಸಿಕೊಳ್ಳುತ್ತೇನೆ. ಈಗ ಹೇಳು.

ತೈಮಿ


ರೌಮಾ
೨೩ ಮೇ ೧೯೯೩

ತೈಮಿ,

ಕೈಸುವಿನ ಲೆಕ್ಕ ಚೊಕ್ಕವಾಗಿದೆ, ಪ್ಯಾಂಟಿನ ಮೇಲೆ ಬರೆದರೂ. ಅವಳಿಗೆ ಹೇಳು.

ಅಂಕಿಗಳನ್ನು ಊಟದ ಬಿಡುವಿನಲ್ಲಿ ಹರಡಿಕೊಂಡು ಕೂತಿದ್ದೆ. ನಮ್ಮ ಗುಂಪಿನ ಮುದುಕನೊಬ್ಬ ನೋಡಿ, "ಏನಯ್ಯಾ, ಜ್ವರದ ಪಟ್ಟಿನಾ?" ಎಂದ. ಸುಮಾರಾಗಿ ಅದೇ.

ನೀನು ಹೆಚ್ಚು ಹೊತ್ತು ಇರುವುದು ನಾಲ್ಕು ಸಾವಿರದಿಂದ ಆರೂವರೆ ಸಾವಿರದೊಳಗೆ. ಅಲ್ಲಿ ಗಿಡ್ಡ ಕೊಳವೆ ನಿನಗೆ ಏನೂ ಕೊಡುವುದಿಲ್ಲ, ಕಿತ್ತುಕೊಳ್ಳುತ್ತದೆ. ನಿನ್ನ ಹಳೆಯ ಉದ್ದ ಕೊಳವೆ ಆರು ಸಾವಿರ ದಾಟಿದರೆ ಉಸಿರುಗಟ್ಟುತ್ತದೆ. ಎರಡೂ ಬೇಡ.

ಎರಡರ ನಡುವಿನದೊಂದು ಇರಬಹುದು. ಕೊಳವೆ ಮೂವತ್ತು ಸೆಂಟಿಮೀಟರಿನ ಆಸುಪಾಸು, ಬಾಯಿ ಅಗಲ, ಎಂಜಿನ್ ತಲೆಯ ಕಡೆಗೆ ಕಿರಿದಾಗುತ್ತಾ ಹೋಗುವಂಥದ್ದು. ಅಂಗಡಿಯಲ್ಲಿ ಸಿಗುವುದಿಲ್ಲ. ಮಾಡಬೇಕು.

ಎಂಜಿನ್ ತಲೆಯ ನಾಲ್ಕು ಬಾಯಿಗಳ ಅಚ್ಚನ್ನು ದಪ್ಪ ರಟ್ಟಿನಲ್ಲಿ ಕತ್ತರಿಸಿ ಕಳಿಸು. ಬಾನೆಟ್ಟಿನ ಕೆಳಗೆ ಎಷ್ಟು ಜಾಗವಿದೆ, ಅಳತೆ ಹಿಡಿ. ಅಂದಾಜು ಬೇಡ.

ಆವತ್ತು ಮುರಿದ ನನ್ನ ಸೊಂಟ ಹೇಗಿದೆ ಎಂದು ಎರಡು ಕಾಗದದಲ್ಲೂ ನೀನು ಕೇಳಿಲ್ಲ. ಕೇಳದಿದ್ದರೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಕೋಲು ಹಿಡಿದು ನಡೆಯುತ್ತೇನೆ. ಬೆಸುಗೆಯ ಕೆಲಸ ಕೂತೇ ಮಾಡಬಹುದು.

ಎನ್ಸಿಯೊ


ಮುಲ್ತಿಯಾ
೪ ಜುಲೈ ೧೯೯೩

ಎನ್ಸಿಯೊ,

ರಟ್ಟಿನ ಅಚ್ಚು ಈ ಲಕೋಟೆಯಲ್ಲಿದೆ. ಬಾನೆಟ್ಟಿನ ಅಳತೆಗಳು ಅದರ ಹಿಂದೆ. ಮೂರು ಸಲ ಅಳೆದೆ. ನಾಲ್ಕನೆಯ ಸಲ ಕೈಸು ಅಳೆದಳು, ನನ್ನನ್ನು ನಂಬದೆ.

ಇನ್ನೊಂದು ಕಾಗದವೂ ಇದೆ, ಪತ್ರಿಕೆಯಿಂದ ಕತ್ತರಿಸಿದ್ದು. ಅದನ್ನು ಓದುವ ಮೊದಲು ಇದನ್ನು ಓದು.

ಯುಹಾನ್ನುಸ್, ನಡುಬೇಸಿಗೆಯ ಹಬ್ಬದ ದಿನ, ಕೆರೆಯ ದಡದಲ್ಲಿ ಬೆಂಕಿ ಹಾಕಿದ್ದರು. ಯೊರ್ಮ ಸಾಸೇಜು ಸುಡುತ್ತಾ ಕೈಸುವಿಗೆ ನಮ್ಮ ಅಪಘಾತದ ಕಥೆ ಹೇಳುತ್ತಿದ್ದ. "ಎಡ ಮೂರು ಅಂತ ಎನ್ಸಿಯೊ ಓದೋದು ತಡ ಮಾಡಿದ. ಪಾಪ, ತೈಮಿ ಏನು ಮಾಡ್ತಾಳೆ? ಕಾರು ಬಂಡೆಗೆ ಹೊಡೀತು." ಕೈಸು ನನ್ನ ಕಡೆ ತಿರುಗಿ, "ಹೌದಾ ಅಕ್ಕಾ?" ಎಂದಳು. ಬರಿಯ ಕುತೂಹಲದಿಂದ ಕೇಳಿದಳು. ಅವಳು ಈಗ ನಿನ್ನ ಸೀಟಿನಲ್ಲಿ ಕೂರುವವಳು. ನನಗೆ ಹೌದು ಅನ್ನಲು ಬಾಯಿ ಬರಲಿಲ್ಲ.

"ಇಲ್ಲ" ಎಂದೆ. "ನನಗೆ ಕೇಳಿಸಿತ್ತು."

ಯೊರ್ಮನ ಸಾಸೇಜು ಬೆಂಕಿಗೆ ಬಿತ್ತು.

ನಿಜ ಎನ್ಸಿಯೊ. ಎಡ ಮೂರು ಎಂದು ನೀನು ಹೇಳಿದ್ದು ಕೇಳಿಸಿತ್ತು. ಆಕ್ಸಿಲರೇಟರಿನಿಂದ ಕಾಲು ತೆಗೆಯುವಷ್ಟು ಹೊತ್ತಿತ್ತು. ಹಿಂದಿನ ಹಂತದಲ್ಲಿ ಎರಡು ಸೆಕೆಂಡು ಕಳೆದುಕೊಂಡಿದ್ದೆ, ಅದನ್ನು ಆ ತಿರುವಿನಲ್ಲೇ ಪಡೆಯಬೇಕೆಂದು ಕಾಲು ಒತ್ತಿಯೇ ಇಟ್ಟೆ. ಮಾರನೆಯ ದಿನ ನೀನು ಆಸ್ಪತ್ರೆಯಲ್ಲಿದ್ದೆ. ಪತ್ರಿಕೆಯವನು ಬಂದು, "ಟಿಪ್ಪಣಿ ತಡವಾಯಿತೇ?" ಎಂದು ಅವನೇ ಕೇಳಿದ. ನಾನು ಹೌದೆಂದೆ. ಅಷ್ಟು ಸುಲಭವಾಗಿ ಬಂತು ಆ ಮಾತು. ಅದಾದ ಮೇಲೆ ಯಾರೂ ನಿನ್ನನ್ನು ಪಕ್ಕಕ್ಕೆ ಕೂರಿಸಿಕೊಳ್ಳಲಿಲ್ಲ. ನೀನು ಊರು ಬಿಟ್ಟೆ. ನಾನು ಎಂಜಿನ್ ಇಟ್ಟುಕೊಂಡೆ.

ಪತ್ರಿಕೆಗೆ ಎಂಟು ಸಾಲು ಬರೆದುಕೊಟ್ಟೆ. ಗುರುವಾರ ಅಚ್ಚಾಯಿತು. ಅದೇ ಇದು. ಮ್ಯಾನಿಫೋಲ್ಡ್ ಮಾಡಿಕೊಡಲಿ ಎಂದು ಬರೆದದ್ದಲ್ಲ. ಮಾಡದಿದ್ದರೆ ಹಳೆಯದರಲ್ಲೇ ಓಡಿಸುತ್ತೇನೆ.

ಸೊಂಟ ಹೇಗಿದೆ?

ತೈಮಿ


ರೌಮಾ
೧೮ ಜುಲೈ ೧೯೯೩

ತೈಮಿ,

ಇಪ್ಪತ್ತಾರರ ಸೋಮವಾರ ಮಧ್ಯಾಹ್ನದ ಬಸ್ಸಿನಲ್ಲಿ ಒಂದು ಪೆಟ್ಟಿಗೆ ಬರುತ್ತದೆ. ನಿಲ್ದಾಣದಿಂದ ನೀನೇ ತೆಗೆದುಕೊ. ಯೊರ್ಮನನ್ನು ಕಳಿಸಬೇಡ, ದಾರಿಯಲ್ಲೇ ಬಿಚ್ಚಿ ನೋಡುತ್ತಾನೆ.

ಅಲ್ಯೂಮಿನಿಯಮ್ಮಿನದು. ಕೊಳವೆಯ ಉದ್ದ ಮೂವತ್ತೊಂದು. ಎರಡನೆಯ ಪ್ರಯತ್ನ ಇದು. ಮೊದಲನೆಯದು ಬೆಸುಗೆಯ ಬಿಸಿಗೆ ತಿರುಚಿಕೊಂಡಿತು, ಎಸೆದೆ. ಮೂರನೆಯ ಕೊಳವೆ ಸ್ಟೀರಿಂಗ್ ಕಡೆಗೆ ಸ್ವಲ್ಪ ಬಾಗಿದೆ. ತಪ್ಪಲ್ಲ, ಬೇಕೆಂದೇ ಬಾಗಿಸಿದ್ದೇನೆ. ತಟ್ಟಿ ನೆಟ್ಟಗೆ ಮಾಡಲು ಹೋಗಬೇಡ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಬಿಗಿ. ಇಂಧನ ಸ್ವಲ್ಪ ಹೆಚ್ಚಿಸಿ ಶುರು ಮಾಡು, ಆಮೇಲೆ ತಗ್ಗಿಸು. ಮೊದಲು ಅದೇ ನಾಲ್ಕು ಕಿಲೋಮೀಟರ್ ಓಡಿಸು.

ಪತ್ರಿಕೆಯ ತುಂಡನ್ನು ಓದಿದೆ. ಕೆಲಸದವರಿಗೆ ತೋರಿಸಲಿಲ್ಲ. ತಂಗಿ ಫೋನು ಮಾಡಿ ಅತ್ತಳು.

ಈಗ ನನ್ನ ಸರದಿ. ಆ ದಿನ ಪುಟ ತಿರುವುವಾಗ ಎರಡು ಹಾಳೆ ಒಟ್ಟಿಗೆ ತಿರುಗಿದವು. ಹಿಂದಕ್ಕೆ ಹೋಗಿ ಸಾಲು ಹುಡುಕಿ ಓದಿದೆ. ತಡವಾಗಿಯೇ ಓದಿದೆ ತೈಮಿ. ನಿನಗೆ ಕೇಳಿಸಿತ್ತು ಅನ್ನುತ್ತೀಯ, ಕೇಳಿಸಿರಬಹುದು. ಆದರೆ ಕೇಳಬೇಕಾದಾಗ ಕೇಳಿಸಲಿಲ್ಲ. ನೀನು ಪತ್ರಿಕೆಗೆ ಸುಳ್ಳು ಹೇಳಿದೆ ಎಂದುಕೊಂಡು ಇಷ್ಟು ವರ್ಷ ಕೊರಗಿದ್ದೀಯ. ಹೇಳಿದ್ದು ನಿಜವಾಗಿದ್ದಕ್ಕೇ ನನಗೆ ನಿನ್ನ ಮೇಲೆ ಅಷ್ಟು ಕೋಪ. ಸುಳ್ಳಾಗಿದ್ದರೆ ಬಂದು ಜಗಳವಾಡುತ್ತಿದ್ದೆ.

ಕಾರಿನಲ್ಲಿ ಇಬ್ಬರಿದ್ದೆವು. ತಪ್ಪೂ ಇಬ್ಬರದ್ದು. ಇದನ್ನೂ ಪತ್ರಿಕೆಗೆ ಕಳಿಸುವುದಾದರೆ ಕಳಿಸು. ಬೇಡ ಅನ್ನಿಸಿದರೆ ಬಿಡು, ನಿನಗೆ ಗೊತ್ತಿದ್ದರೆ ನನಗೆ ಸಾಕು.

ಮಳೆ ಬರುವುದನ್ನು ಸೊಂಟ ಮೊದಲೇ ಹೇಳುತ್ತದೆ. ರ್ಯಾಲಿಯ ದಿನವೇ, ಆಗಸ್ಟ್ ಹದಿನಾಲ್ಕಕ್ಕೆ, ಹಡಗು ನೀರಿಗಿಳಿಸುವುದಿದೆ, ರಜೆ ಸಿಗುವುದಿಲ್ಲ. ಬರಲು ಆಗುವುದಿಲ್ಲ.

ಎನ್ಸಿಯೊ


ಮುಲ್ತಿಯಾ
೧೬ ಆಗಸ್ಟ್ ೧೯೯೩

ಎನ್ಸಿಯೊ!

ನಿನ್ನ ತಂಗಿ ಫೋನಿನಲ್ಲಿ ಹೇಳಿಯೇ ಇರುತ್ತಾಳೆ. ಆದರೂ ಪೂರ್ತಿ ಓದು, ಹಾರಿಸಬೇಡ.

ನಾಲ್ಕು ಕಿಲೋಮೀಟರಿನ ದಾರಿಯಲ್ಲಿ ನಿನ್ನ ಮ್ಯಾನಿಫೋಲ್ಡ್ ಎರಡು ನಿಮಿಷ ಇಪ್ಪತ್ತೊಂಬತ್ತೂವರೆ ಕೊಟ್ಟಿತು. ಟ್ರ್ಯಾಕ್ಟರಿನ ಮೇಲೆ ಕೂತಿದ್ದ ಯಜಮಾನ ಕೈಗಡಿಯಾರ ನೋಡಿ, "ನಿಮ್ಮ ಗಡಿಯಾರ ಕೆಟ್ಟಿದೆ" ಎಂದ. ಆದರೆ ನೇರ ದಾರಿಯಲ್ಲಿ ಕೌಕೊನ ಕಾರಿಗೆ ಇದು ಸಾಟಿಯಲ್ಲ ಎಂದು ಆಗಲೇ ಗೊತ್ತಾಗಿತ್ತು. ನೀನೂ ಸಾಟಿಯೆಂದು ಹೇಳಿರಲಿಲ್ಲ.

ಶನಿವಾರ ಬೆಳಗಿನ ನಾಲ್ಕು ಹಂತಗಳೂ ವೇಗದವು, ಅಗಲ ರಸ್ತೆ. ಊಟದ ಹೊತ್ತಿಗೆ ಕೌಕೊ ಮೊದಲು, ನಾನು ಎರಡನೆಯವಳು, ನಡುವೆ ಐದು ಸೆಕೆಂಡು. ಉಳಿದದ್ದು ಹದಿಮೂರು ಕಿಲೋಮೀಟರಿನ ಕೊನೆಯ ಹಂತವೊಂದೇ. ಕಾರು ರಿಪೇರಿಗೆ ನಲವತ್ತು ನಿಮಿಷ ಬಿಡುವು ಕೊಟ್ಟಿದ್ದರು. ಅಲ್ಲಿ ಯೊರ್ಮ ಗಿಡ್ಡ ಕೊಳವೆಯ ಮ್ಯಾನಿಫೋಲ್ಡನ್ನು ಮಗುವಿನ ಹಾಗೆ ಎತ್ತಿಕೊಂಡು ನಿಂತಿದ್ದ!

"ಹಾಕೋಣ ತೈಮಿ. ಅರ್ಧ ಗಂಟೆ ಸಾಕು ನಂಗೆ. ಮೊದಲ ಮೂರು ಕಿಲೋಮೀಟರ್‌ನಲ್ಲೇ ಆ ಐದು ಸೆಕೆಂಡು ವಸೂಲಾಗುತ್ತೆ."

"ಆಮೇಲಿನ ಹತ್ತು?"

"ಆಮೇಲಿಂದು ಆಮೇಲೆ! ಐದನೇ ಸಲಾನೂ ಎರಡನೆಯವಳು ಆಗ್ಬೇಕಾ ನಿಂಗೆ?"

ಎನ್ಸಿಯೊ, ಒಂದು ಕ್ಷಣ ನನ್ನ ಕೈ ಸ್ಪ್ಯಾನರಿನ ಕಡೆಗೆ ಹೋಯಿತು. ಅಷ್ಟು ಜನ ನೋಡುತ್ತಿದ್ದಾರೆ, ಆಚೆ ಕೌಕೊ ಕಾಫಿ ಹೀರುತ್ತಾ ನಗುತ್ತಿದ್ದಾನೆ. ಐದು ಸೆಕೆಂಡು ಹಿಂದಿರುವಾಗ ಯಾರಿಗಾದರೂ ದೊಡ್ಡ ಸದ್ದೇ ಬೇಕು ಅನ್ನಿಸುತ್ತದೆ. ಕೈಸುವನ್ನು ನೋಡಿದೆ. ಅವಳು ಕಾರಿನ ಟಾಪಿನ ಮೇಲೆ ಪುಸ್ತಕವಿಟ್ಟು ಒಂದೊಂದೇ ಹಾಳೆಯ ಮೂಲೆ ಮಡಿಸುತ್ತಿದ್ದಳು, ಎರಡು ಒಟ್ಟಿಗೆ ತಿರುಗದ ಹಾಗೆ. ನಿನ್ನ ಕಾಗದ ಅವಳಿಗೆ ಓದಿ ಹೇಳಿದ್ದೆ.

"ಏನು ಮಾಡೋಣ ಕಣೇ?" ಎಂದೆ.

"ನಾವು ಅಳೆದು ನೋಡಿದ್ದೀವಲ್ಲ ಅಕ್ಕಾ. ಅಳೆದದ್ದನ್ನೇ ನಂಬೋಣ."

"ಯೊರ್ಮ, ಅದನ್ನ ವ್ಯಾನಿಗೆ ಹಾಕು" ಎಂದೆ. "ಇದೇ ಇರಲಿ."

ಹಣೆ ಚಚ್ಚಿಕೊಂಡ. ಆದರೂ ಬಂದು ಬೋಲ್ಟುಗಳನ್ನು ಒಮ್ಮೆ ಬಿಗಿದು ನೋಡಿದ, ನಡುವಿನಿಂದ ಹೊರಕ್ಕೆ.

ಹೊರಟೆವು. ಮೊದಲ ಮೂರು ಕಿಲೋಮೀಟರಿನಲ್ಲಿ ನಾನು ಮಾಡಲು ಹೆಚ್ಚೇನೂ ಇರಲಿಲ್ಲ, ಕಾಲು ಒತ್ತಿ ಹಿಡಿದಿದ್ದೆ, ಅಷ್ಟೇ. ಅಲ್ಲಿ ಇನ್ನೆರಡು ಸೆಕೆಂಡು ಹೋಯಿತೆಂದು ಆಮೇಲೆ ತಿಳಿಯಿತು. ಆಮೇಲೆ ಕಾಡು ಶುರುವಾಯಿತು. ಬಲ ಎರಡು, ಎಡ ಸುತ್ತು ತಿರುವು, ದಿಬ್ಬ, ಬಲ ಮೂರು. ಪ್ರತಿ ತಿರುವಿನಿಂದ ಹೊರಗೆ ಬರುವಾಗ ಕಾಲಿಟ್ಟ ಕೂಡಲೇ ಎಂಜಿನ್ ಎಳೆಯುತ್ತಿತ್ತು! ಎಣಿಸುವ ಕೆಲಸವೇ ಇಲ್ಲ. ನಾಲ್ಕು ಸಾವಿರದಲ್ಲಿ ಹಿಡಿದರೆ ಏಳರವರೆಗೆ ಒಂದೇ ಉಸಿರು. ಕೈಸು ಓದುತ್ತಿದ್ದಳು, ನಾನು ಕೇಳುತ್ತಿದ್ದೆ. ಅವಳು ಮೂರು ಅಂದರೆ ಮೂರು. ಅವಳು ಹೆದರಬೇಡ ಅಂದರೆ ಹೆದರಲಿಲ್ಲ. ಎಂಟನೆಯ ಕಿಲೋಮೀಟರಿನಲ್ಲಿ ಕುರುಡು ದಿಬ್ಬವೊಂದಿದೆ, ಆಚೆ ಏನೂ ಕಾಣುವುದಿಲ್ಲ. "ನೇರ, ಪೂರ್ತಿ!" ಎಂದಳು. ಪೂರ್ತಿ ಒತ್ತಿದೆ. ನಾಲ್ಕೂ ಚಕ್ರ ನೆಲ ಬಿಟ್ಟವು. ಗಾಳಿಯಲ್ಲಿರುವಾಗ ಕೈಸು, "ಅಮ್ಮಾ, ಬಲ ಮೂರು!" ಎಂದಳು. ಟಿಪ್ಪಣಿಯಲ್ಲಿ ಅಮ್ಮಾ ಎಂದು ಇರಲಿಲ್ಲ.

ಗುರಿಗೆ ಬಂದು ನಿಂತೆವು. ಗಡಿಯಾರದವನು ಅಂಕಿ ಬರೆದು ಕಿಟಕಿಯಲ್ಲಿ ತೋರಿಸಿದ. ಏಳು ನಿಮಿಷ ಹದಿನಾಲ್ಕು. ನಾವು ಮೊದಲು ಓಡಿದ್ದೆವು, ಕೌಕೊ ನಮ್ಮ ಹಿಂದೆ. ಕಾದೆವು. ಕೈಸು ನನ್ನ ತೋಳನ್ನು ಹಿಂಡುತ್ತಿದ್ದಳು, ಇನ್ನೂ ನೀಲಿಯಿದೆ. ಕೌಕೊ ಬಂದ. ಏಳು ನಿಮಿಷ ಇಪ್ಪತ್ತೈದು.

ಹನ್ನೊಂದು ಸೆಕೆಂಡು ಎನ್ಸಿಯೊ! ಐದು ಕಳೆದರೆ ಆರು ಸೆಕೆಂಡಿನ ಗೆಲುವು. ಬರೀ ನಮ್ಮ ವರ್ಗದಲ್ಲಲ್ಲ, ಇಡೀ ರ್ಯಾಲಿಯಲ್ಲೇ ಮೊದಲು. ನಾನು ಸ್ಟೀರಿಂಗಿಗೆ ಹಣೆಯಿಟ್ಟು ಎಷ್ಟು ಜೋರಾಗಿ ಕೂಗಿದೆನೆಂದರೆ ಗಡಿಯಾರದವನು ವೈದ್ಯರನ್ನು ಕರೆಯಲೇ ಎಂದು ಕೇಳಿದ.

ಕೌಕೊ ಹೆಲ್ಮೆಟ್ಟು ತೆಗೆದು ನೇರವಾಗಿ ಬಂದ. ಅಭಿನಂದನೆ ಹೇಳುವ ಮೊದಲೇ, "ಬಾನೆಟ್ಟು ತೆಗಿ" ಎಂದ. ತೆಗೆದೆ. ಬಗ್ಗಿ, ತುಂಬ ಹೊತ್ತು ನೋಡಿದ. ಬೆಸುಗೆಯ ಗೆರೆಯ ಮೇಲೆ ಬೆರಳು ಆಡಿಸಿದ.

"ಯಾರು ಮಾಡಿದ್ದು ಇದನ್ನ?"

"ಎನ್ಸಿಯೊ."

"ಯಾವ ಎನ್ಸಿಯೊ? ಆ ಎನ್ಸಿಯೊ?"

"ಇನ್ಯಾವನಿದ್ದಾನೆ?"

"ನಂಗೂ ಒಂದು ಮಾಡಿಕೊಡ್ತಾನಾ?"

"ಮೊದಲು ಕಾಗದ ಬರಿ. ಎರಡು ವಾರ ಮೇಜಿನ ಮೇಲೆ ಇಟ್ಟು ಆಮೇಲೆ ಹೇಳ್ತಾನೆ" ಎಂದೆ. ಆಗ ನನ್ನ ಕೈ ಕುಲುಕಿದ. ಗಟ್ಟಿಯಾಗಿ, ಮನಸ್ಸಿಟ್ಟು.

ಬಹುಮಾನದ ಮೆಟ್ಟಿಲಲ್ಲಿ ಅದೇ ಮೈಕಿನವನು. ಈ ಸಲ ಏನೆಂದು ಕರೆಯಬೇಕೋ ಗೊತ್ತಾಗದೆ ತೊದಲಿದ. ಮೈಕನ್ನು ಕಿತ್ತುಕೊಂಡು ಮೂರು ಹೆಸರು ಹೇಳಿದೆ: ಕೈಸುವಿನದು, ನಿನ್ನದು, ಆಮೇಲೆ ನನ್ನದು. ನಿನ್ನ ಎರಡು ಹಾಳೆಯ ವಿಷಯ ಯಾರಿಗೂ ಹೇಳಿಲ್ಲ, ಕೈಸುವಿಗೆ ಬಿಟ್ಟರೆ. ಅದು ನಮ್ಮದು.

ಎಲ್ಲ ಹಂತಗಳ ಸಮಯದ ಪಟ್ಟಿ ಜೊತೆಗಿದೆ. ನೀನು ಕೇಳದೆ ಬಿಡುವವನಲ್ಲ.

ನಿನ್ನ ತೈಮಿ


ರೌಮಾ
೨೨ ಆಗಸ್ಟ್ ೧೯೯೩

ತೈಮಿ,

ಈ ಸಲ ಕಾಗದ ಮೇಜಿನ ಮೇಲೆ ಒಂದು ದಿನವೂ ಇರಲಿಲ್ಲ. ಊಟದ ಮನೆಗೆ ಒಯ್ದು ಎಲ್ಲರೆದುರು ಓದಿದೆ. ದಿಬ್ಬದ ಭಾಗವನ್ನು ಎರಡು ಸಲ ಓದಿಸಿದರು. ಆ ಮುದುಕ ಎದ್ದು, "ಹಡಗು ನೀರಿಗಿಳಿದಾಗ್ಲೂ ನೀನು ಇಷ್ಟು ನಗಲಿಲ್ಲವಲ್ಲಯ್ಯಾ" ಎಂದ.

ಸಮಯದ ಪಟ್ಟಿಯನ್ನು ಹಿಡಿದು ಎರಡು ಸಂಜೆ ಕೂತಿದ್ದೆ. ನಾಲ್ಕು ಕಿಲೋಮೀಟರಿನ ಅಂಕಿಗಳ ಜೊತೆ ಸೇರಿಸಿ ನೋಡಿದೆ. ಕೊನೆಯ ಹಂತದಲ್ಲಿ ನನ್ನ ಮ್ಯಾನಿಫೋಲ್ಡ್ ನಿನಗೆ ಕೊಟ್ಟದ್ದು ನಾಲ್ಕು ಸೆಕೆಂಡು. ಹೇಗೆ ಎಳೆದರೂ ಅದಕ್ಕಿಂತ ಹೆಚ್ಚಾಗುವುದಿಲ್ಲ. ನೀನು ಐದು ಸೆಕೆಂಡು ಹಿಂದಿದ್ದೆ. ಅಂದರೆ ಬರೀ ಕೊಳವೆಯನ್ನು ನಂಬಿದ್ದರೆ ಒಂದು ಸೆಕೆಂಡಿನಲ್ಲಿ ಸೋಲುತ್ತಿದ್ದೆ.

ಉಳಿದ ಏಳು ಸೆಕೆಂಡು ನೀನು ಓಡಿಸಿದ್ದು. ಇದು ಹೊಗಳಿಕೆಯಲ್ಲ, ಅಳತೆ.

ಶುಕ್ರವಾರದಿಂದ ಒಂದು ವಾರ ರಜೆ ಸಿಕ್ಕಿದೆ. ಬೆಳಗಿನ ಬಸ್ಸಿಗೆ ಹೊರಟು ಮಧ್ಯಾಹ್ನ ಮುಲ್ತಿಯಾದಲ್ಲಿ ಇಳಿಯುತ್ತೇನೆ. ನಿಲ್ದಾಣಕ್ಕೆ ಗಾಲ್ಫ್ ತೆಗೆದುಕೊಂಡು ಬಾ, ಹಾಲಿನ ಲಾರಿ ಬೇಡ. ನಾನು ಎಡಗಡೆಯ, ನಿನ್ನ ಕಡೆಯ ಬಾಗಿಲು ತೆಗೆದು ಸ್ಟೀರಿಂಗ್ ಹಿಡಿಯುತ್ತೇನೆ, ನೀನು ಪಕ್ಕದಲ್ಲಿ ಕೂತು ದಾರಿ ಹೇಳು. ತಡ ಮಾಡದೆ ಹೇಳು.

ನಿನ್ನ
ಎನ್ಸಿಯೊ